ಸುಳ್ಳು ಹೆಸರಿನಲ್ಲಿ ಹುಟ್ಟಿದ ಪ್ರೀತಿಯನ್ನು ಓದುಗರು ಒಪ್ಪುತ್ತಾರೆಯೇ? ಒಂದು ಹಸ್ತಪ್ರತಿಯ ಕುರಿತು ಅಭಿಪ್ರಾಯ ಬೇಕಾಗಿದೆ

ಡೊಂಬಿವಲಿ ಓದುಗಿ:

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಲ್ಲಿ ನಾವು ಹನ್ನೊಂದು ಮಂದಿ ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಓದಿದ ಕನ್ನಡ ಪುಸ್ತಕದ ಬಗ್ಗೆ ಮಾತನಾಡುತ್ತೇವೆ. ಈ ಸಲ ಅಚ್ಚಾದ ಪುಸ್ತಕದ ಬದಲು ನಮ್ಮಲ್ಲೇ ಒಬ್ಬರು ಬರೆದಿರುವ, ಇನ್ನೂ ಹೆಸರಿಡದ ಕಾದಂಬರಿಯ ಹಸ್ತಪ್ರತಿಯನ್ನು ಓದಿದೆವು. ಲೇಖಕಿಗೆ ತಮ್ಮ ಹೆಸರು ಹೊರಗೆ ಬರುವುದು ಬೇಡವಂತೆ. ಆದರೆ ಈ ಚರ್ಚಾವೇದಿಕೆಯ ನಾಲ್ಕೈದು ಸದಸ್ಯರಿಗೆ ಪ್ರತಿ ಕಳುಹಿಸಲು ಒಪ್ಪಿ, ದಾಕ್ಷಿಣ್ಯವಿಲ್ಲದ ಅಭಿಪ್ರಾಯ ಬೇಕೆಂದು ಹೇಳಿದ್ದಾರೆ. ಹೋದ ತಿಂಗಳು ಪ್ರತಿ ಪಡೆದವರು ಈಗಾಗಲೇ ಓದಿ ಮುಗಿಸಿರಬಹುದೆಂಬ ನಂಬಿಕೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಓದದವರಿಗಾಗಿ ಕಥೆಯ ಎಳೆ ಇಷ್ಟು. ಕಾಲ 1986ರ ಜೂನ್‌ನಿಂದ ಡಿಸೆಂಬರ್‌ವರೆಗೆ. ನಾಯಕಿ ಕುಂದಾಪುರದ ಕಡೆಯವಳು, ಕಸ್ಟಮ್ಸ್ ಇಲಾಖೆಯ ಕಿರಿಯ ಅಧಿಕಾರಿ. ಮುಂಬಯಿಯ ಜವೇರಿ ಬಜಾರಿನಲ್ಲಿ ಕಳ್ಳಸಾಗಣೆಯ ಚಿನ್ನ ವಿಲೇವಾರಿ ಮಾಡುವ ವ್ಯಾಪಾರಿಯೊಬ್ಬನ ಗದ್ದಿಯಲ್ಲಿ (ವ್ಯಾಪಾರದ ಕಚೇರಿಯಲ್ಲಿ) ಬೇರೆ ಹೆಸರಿನಿಂದ ಲೆಕ್ಕ ಬರೆಯುವ ಕೆಲಸಕ್ಕೆ ಸೇರುತ್ತಾಳೆ. ಅದೇ ವ್ಯಾಪಾರಿಯ ಕಾರು ಓಡಿಸುವವನು, ರತ್ನಾಗಿರಿಯ ಮರಾಠಿಗನೆಂದು ಹೇಳಿಕೊಂಡವನು, ವಾಸ್ತವದಲ್ಲಿ ಪೊಲೀಸ್ ಇಲಾಖೆಯ ಅಧಿಕಾರಿ, ನಮ್ಮ ಕನ್ನಡದವನೇ. ಎರಡು ಇಲಾಖೆಗಳಿಗೂ ಪರಸ್ಪರರ ಮನುಷ್ಯ ಅಲ್ಲಿರುವುದು ಗೊತ್ತಿಲ್ಲ. ನಾಯಕಿಯ ಗುಟ್ಟು ಓದುಗನಿಗೆ ಮೊದಲ ಅಧ್ಯಾಯದಲ್ಲಿಯೇ ತಿಳಿಯುತ್ತದೆ. ನಾಯಕನದು 14ನೆಯ ಅಧ್ಯಾಯದವರೆಗೆ ತಿಳಿಯುವುದಿಲ್ಲ. ಒಟ್ಟು 24 ಅಧ್ಯಾಯಗಳು. ಕೊನೆಯ ಅಧ್ಯಾಯದಲ್ಲಿ ಅವನು ತನ್ನ ನಿಜವಾದ ಹೆಸರು ಹೇಳಿ ಕ್ಷಮೆ ಕೇಳುತ್ತಾನೆ, ಅವಳು ಕ್ಷಮಿಸುತ್ತಾಳೆ.

ನಮ್ಮ ಬಳಗದಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಮೆಚ್ಚಿದ್ದು ಕೊಲಾಬಾದ ಮೀನು ಮಾರುಕಟ್ಟೆಯ ದೃಶ್ಯವನ್ನು. ಯಜಮಾನನ ಮನೆಗೆಂದು ಮೀನು ಕೊಳ್ಳುವಾಗ ಆ ಡ್ರೈವರ್ ಮರಾಠಿಯಲ್ಲಿ 'ಬಾಂಗಡಾ' ಎನ್ನುವ ಬದಲು ಬಾಯಿತಪ್ಪಿ ನಮ್ಮವರಂತೆ 'ಬಂಗುಡೆ' ಎನ್ನುತ್ತಾನೆ. ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದವಳು ಕೇಳಿಸಿಕೊಂಡೂ ಕೇಳಿಸದವಳಂತೆ ಚಿಲ್ಲರೆ ಎಣಿಸುತ್ತಾಳೆ. ಇಡೀ ಪುಸ್ತಕದಲ್ಲಿ ಪ್ರೀತಿ ಮತ್ತು ಭಯ ಒಂದೇ ಉಸಿರಿನಲ್ಲಿ ಬಂದದ್ದು ಅಲ್ಲಿ ಮಾತ್ರವೆಂದು ನನಗನ್ನಿಸಿತು. ಉಳಿದ ಕಡೆ ಒಂದು ಅಧ್ಯಾಯ ಪ್ರೇಮ, ಒಂದು ಅಧ್ಯಾಯ ಅಪಾಯ, ಮತ್ತೆ ಪ್ರೇಮ ಎಂಬಂತೆ ಪಾಳಿ ಹಾಕಿದ ಹಾಗಿದೆ.

ನನ್ನ ಪ್ರಶ್ನೆಗಳು ಎರಡು. ಏಳು ತಿಂಗಳು ಸುಳ್ಳು ಹೆಸರಿನಲ್ಲಿ ಪ್ರೀತಿಸಿದವನನ್ನು ಎರಡು ಪುಟಗಳಲ್ಲಿ ಕ್ಷಮಿಸುವುದನ್ನು ನೀವು ನಂಬಿದಿರಾ? ನಾಯಕನ ಗುಟ್ಟನ್ನು ಅಷ್ಟು ದೂರದವರೆಗೆ ಬಚ್ಚಿಟ್ಟದ್ದು ಸರಿಯೇ? ಬಳಗದಲ್ಲಿ ಈ ಎರಡರ ಬಗ್ಗೆಯೂ ಒಮ್ಮತ ಮೂಡದೆ, ಕೊನೆಗೆ ಆತಿಥೇಯರ ಮನೆಯ ಚಹಾ ತಣ್ಣಗಾದದ್ದಷ್ಟೇ ಲಾಭ.

ಹಳೆಯ ಬಂದರು (ಚೆಂಬೂರು):

ಓದುಗಿಯವರಿಗೆ ನಮಸ್ಕಾರ. ಪ್ರತಿ ಕಳುಹಿಸಿದ್ದಕ್ಕೆ ಕೃತಜ್ಞತೆಗಳು. ನಾನು ಕಸ್ಟಮ್ಸ್‌ನಲ್ಲಿ ಕಳ್ಳಸಾಗಣೆ ತಡೆಯುವ ಪ್ರಿವೆಂಟಿವ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನಾದ್ದರಿಂದ, ಪ್ರೇಮದ ವಿಷಯವನ್ನು ಬೇರೆಯವರಿಗೆ ಬಿಟ್ಟು ಚಿನ್ನದ ವಿಷಯದಿಂದ ಆರಂಭಿಸುತ್ತೇನೆ.

ಹದಿನೇಳನೆಯ ಅಧ್ಯಾಯದಲ್ಲಿ ನಾಯಕ 500 ಚಿನ್ನದ ಬಿಸ್ಕತ್ತು ತುಂಬಿದ ಸೂಟ್‌ಕೇಸನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನಾಯಕಿಯನ್ನು ಎಳೆದುಕೊಂಡು ಮುಂಬಯಿಯ ದೋಣಿಕಟ್ಟೆಯಾದ ಭಾವುಚಾ ಧಕ್ಕಾದ ಮೆಟ್ಟಿಲುಗಳನ್ನು ಹಾರಿ ಓಡುತ್ತಾನೆ. ಆ ಕಾಲದ ಬಿಸ್ಕತ್ತು ಎಂದರೆ ಹತ್ತು ತೊಲದ್ದು, ಅಂದರೆ ಸುಮಾರು 116.6 ಗ್ರಾಂ. ಐನೂರು ಬಿಸ್ಕತ್ತಿಗೆ 58 ಕಿಲೋ ದಾಟುತ್ತದೆ. ಒಬ್ಬ ಮನುಷ್ಯನನ್ನೇ ಹೊತ್ತಂತೆ. ಸಾಗಿಸುವವರು ಬನಿಯನ್ನಿನ ಮೇಲೆ ತೊಡುತ್ತಿದ್ದ, ಸಾಲುಸಾಲು ಜೇಬು ಹೊಲಿದ ಬಟ್ಟೆಯ ಜಾಕೆಟ್ಟಿನಲ್ಲಿ ನೂರು ಬಿಸ್ಕತ್ತು ಇದ್ದರೆ ಹನ್ನೊಂದೂವರೆ ಕಿಲೋಗಿಂತ ಹೆಚ್ಚು, ಅಷ್ಟಕ್ಕೇ ನಡಿಗೆ ಬದಲಾಗುತ್ತದೆ. ನಾವು ಹಡಗುಕಟ್ಟೆಯಲ್ಲಿ ಜನರ ಮುಖ ನೋಡುತ್ತಿದ್ದುದಕ್ಕಿಂತ ಅವರು ಮೆಟ್ಟಿಲು ಇಳಿಯುವ ರೀತಿಯನ್ನು ನೋಡುತ್ತಿದ್ದೆವು. ಲೇಖಕಿ ನಾಯಕನಿಗೆ ಜಾಕೆಟ್ ತೊಡಿಸಿ ನಿಧಾನವಾಗಿ ನಡೆಸಿದರೆ ಆ ದೃಶ್ಯದ ಆತಂಕ ಹತ್ತು ಪಟ್ಟಾಗುತ್ತದೆ. ಓಡುವವನಿಗಿಂತ, ಓಡಬೇಕಾಗಿಯೂ ಓಡಲಾಗದವನನ್ನು ನೋಡುವಾಗ ಎದೆ ಹೆಚ್ಚು ಹೊಡೆದುಕೊಳ್ಳುತ್ತದೆ.

ಇನ್ನೊಂದು. ಬಂಧಿಸುವಾಗ ನಾಯಕಿ 'ನಿಮಗೆ ಮೌನವಾಗಿರುವ ಹಕ್ಕಿದೆ' ಎಂದು ಹೇಳುತ್ತಾಳೆ. ಇದು ವಿದೇಶಿ ಸಿನಿಮಾದ ಮಾತು. ನಮ್ಮಲ್ಲಿ ನಡೆಯುತ್ತಿದ್ದುದು ಅದಕ್ಕೆ ತಿರುಗುಮುರುಗು. 1962ರ ಕಸ್ಟಮ್ಸ್ ಕಾಯಿದೆಯ 108ನೆಯ ಕಲಮಿನ ಪ್ರಕಾರ ಕರೆಸಿ ಬರೆಸಿಕೊಂಡ ಹೇಳಿಕೆಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಮುಂದಿಡಬಹುದಿತ್ತು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಗೆ ಆ ಬೆಲೆ ಇರಲಿಲ್ಲ. ಒಬ್ಬ ಕಸ್ಟಮ್ಸ್ ಅಧಿಕಾರಿಣಿ, ಒಬ್ಬ ಪೊಲೀಸ್ ಅಧಿಕಾರಿ ಇರುವ ಕಥೆಯಲ್ಲಿ ಈ ವ್ಯತ್ಯಾಸವೇ ಒಂದು ಜಗಳಕ್ಕೆ ಸಾಕು. ವ್ಯಾಪಾರಿ ಯಾರ ಕೈಗೆ ಮೊದಲು ಸಿಗಬೇಕು ಎಂಬ ಪ್ರಶ್ನೆ ಪ್ರೇಮಿಗಳ ನಡುವೆ ಬಂದು ನಿಲ್ಲುತ್ತದೆ.

ಈಗ ನನಗೆ ಬಹಳ ಮುಖ್ಯವೆನಿಸಿದ ಸಂಗತಿ. ಹನ್ನೊಂದನೆಯ ಅಧ್ಯಾಯದಲ್ಲಿ ನಾಯಕ ಅವಳಿಗೆ ಒಂದು ಚಿನ್ನದ ಬಿಸ್ಕತ್ತನ್ನು ಕರವಸ್ತ್ರದಲ್ಲಿ ಸುತ್ತಿ ಕಾಣಿಕೆಯಾಗಿ ಕೊಡುತ್ತಾನೆ. ಅವಳು ಕಣ್ಣೀರು ತುಂಬಿ ಅದನ್ನು ಟ್ರಂಕಿನ ತಳದಲ್ಲಿ ಇಡುತ್ತಾಳೆ. ಆಮೇಲೆ ಆ ಬಿಸ್ಕತ್ತು ಕಥೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಲೇಖಕಿ ಅದನ್ನು ಮರೆತೇಬಿಟ್ಟಿದ್ದಾರೆ. 1968ರ ಚಿನ್ನ ನಿಯಂತ್ರಣ ಕಾಯಿದೆ 1990ರವರೆಗೆ ಜಾರಿಯಲ್ಲಿತ್ತು. ಆ ಕಾಲದಲ್ಲಿ ಸಾಮಾನ್ಯ ಜನ ಆಭರಣ ಇಟ್ಟುಕೊಳ್ಳಬಹುದಿತ್ತೇ ಹೊರತು ಗಟ್ಟಿ ಅಥವಾ ಬಿಸ್ಕತ್ತನ್ನು ಇಟ್ಟುಕೊಳ್ಳುವಂತಿರಲಿಲ್ಲ. ಅದರ ಮೇಲೆ ಕಸ್ಟಮ್ಸ್ ಕಾಯಿದೆಯ 123ನೆಯ ಕಲಮು ಬೇರೆ: ಕಳ್ಳಸಾಗಣೆಯದೆಂಬ ಸಕಾರಣ ಶಂಕೆಯಿಂದ ಹಿಡಿದ ಚಿನ್ನವಾದರೆ, ಅದು ಕಳ್ಳಸಾಗಣೆಯದಲ್ಲ ಎಂದು ತೋರಿಸುವ ಹೊಣೆ ಯಾರ ಬಳಿ ಸಿಕ್ಕಿತೋ ಅವರದೇ. ಅಂದರೆ ಆ ಕಾಣಿಕೆಯನ್ನು ಕೈಯಲ್ಲಿ ಹಿಡಿದ ಕ್ಷಣವೇ ನಮ್ಮ ನಾಯಕಿ ಕಾನೂನಿನ ದೃಷ್ಟಿಯಲ್ಲಿ ಅಪರಾಧಿ, ಮತ್ತು ಆ ಅಪರಾಧವನ್ನು ಹಿಡಿಯಲೆಂದೇ ಸಂಬಳ ಪಡೆಯುವ ಅಧಿಕಾರಿ. ವರದಿಯಲ್ಲಿ ಬರೆದರೆ ಪ್ರೇಮಿಯನ್ನು ಒಪ್ಪಿಸಿಕೊಟ್ಟಂತೆ. ಬರೆಯದಿದ್ದರೆ ತಾನೇ ಕಳ್ಳಮಾಲು ಇಟ್ಟುಕೊಂಡಂತೆ. ಇಷ್ಟು ಒಳ್ಳೆಯ ಸಿಕ್ಕನ್ನು ಟ್ರಂಕಿನ ತಳದಲ್ಲಿ ಹಾಕಿ ಬೀಗ ಜಡಿದರೆ ಹೇಗೆ?

ನಾನು ಕಂಡಷ್ಟರಲ್ಲಿ, ಅಧಿಕಾರಿಗಳೇ ವೇಷ ಮರೆಸಿಕೊಂಡು ತಿಂಗಳುಗಟ್ಟಲೆ ಗ್ಯಾಂಗಿನೊಳಗೆ ಇರುವುದು ಅಪರೂಪ. ಕೆಲಸ ನಡೆಯುತ್ತಿದ್ದುದು ಖಬರಿಗಳಿಂದ, ಅಂದರೆ ಗುಟ್ಟಾಗಿ ಸುದ್ದಿ ತಂದುಕೊಡುವವರಿಂದ. ಖಬರಿಯ ಹೆಸರು ಅವನನ್ನು ನಿಭಾಯಿಸುವ ಒಬ್ಬ ಅಧಿಕಾರಿಗೆ ಮಾತ್ರ ಗೊತ್ತು. ಹೆಸರಿನ ಬದಲು ಎಡಗೈ ಹೆಬ್ಬೆಟ್ಟಿನ ಗುರುತು ಪಡೆದು ಲಕೋಟೆಗೆ ಮೊಹರು ಹಾಕುತ್ತಿದ್ದರು. ಕಾದಂಬರಿಯಲ್ಲಿ ಖಬರಿಯೇ ಇಲ್ಲದಿರುವುದು ನನಗೆ ಕೊರತೆಯಾಗಿ ಕಂಡಿತು. ನಾನಂತೂ ವೇಷ ಹಾಕಿದವನಲ್ಲ. ಒಮ್ಮೆ ರಾಯಗಡದ ಕರಾವಳಿಯಲ್ಲಿ ಲ್ಯಾಂಡಿಂಗ್ ಆಗಲಿದೆ, ಅಂದರೆ ಕಳ್ಳಮಾಲು ದೋಣಿಯಿಂದ ದಡಕ್ಕಿಳಿಯಲಿದೆ ಎಂಬ ಸುದ್ದಿಗೆ ಹನ್ನೊಂದು ದಿನ ಒಂದು ಚಹಾದಂಗಡಿಯ ಹಿಂದೆ ಕುಳಿತಿದ್ದೆ. ಯಾವ ದೋಣಿಯೂ ಬರಲಿಲ್ಲ. ಮನೆಗೆ ಮರಳಿದಾಗ ನನ್ನ ಮಡದಿ ಅಂಗಿ ಮೂಸಿ, ಕಚೇರಿಯಲ್ಲಿ ಈಗ ಮೀನನ್ನೂ ತೂಗುತ್ತೀರೋ ಎಂದಳು. ಏನೂ ಹೇಳುವಂತಿರಲಿಲ್ಲ. ಹನ್ನೊಂದು ದಿನದ ಸುಳ್ಳೇ ಊಟದ ತಟ್ಟೆಯ ಮುಂದೆ ಅಷ್ಟು ಭಾರವಾಗಿತ್ತು. ಏಳು ತಿಂಗಳಿನದು ಎರಡು ಪುಟಕ್ಕೆ ಕರಗುವುದನ್ನು ನಾನು ನಂಬಲಿಲ್ಲ.

ಜುವಾರಿ ದಡ (ವಾಸ್ಕೋ):

ಬಂದರಿನ ಹಿರಿಯರು ತೂಕ ಹಾಕಿದ್ದಾರೆ, ನಾನು ಸೇತುವೆ ನೋಡುತ್ತೇನೆ. ಇಪ್ಪತ್ತನೆಯ ಅಧ್ಯಾಯದಲ್ಲಿ, 1986ರ ನವೆಂಬರ್ ತಿಂಗಳ ಒಂದು ರಾತ್ರಿ, ನಾಯಕ ಗೋವಾದ ಮಾಪ್ಸಾದಿಂದ ಕಾರು ಓಡಿಸಿಕೊಂಡು ಮಾಂಡವಿ ಸೇತುವೆಯ ಮೇಲೆ ನೂರರ ವೇಗದಲ್ಲಿ ಪಣಜಿಗೆ ಬರುತ್ತಾನೆ, ಹಿಂದೆ ಎರಡು ಜೀಪುಗಳು ಬೆನ್ನಟ್ಟುತ್ತವೆ. ಬರವಣಿಗೆ ಚುರುಕಾಗಿದೆ, ಆದರೆ ಸೇತುವೆಯೇ ಇರಲಿಲ್ಲ. ಮಾಂಡವಿಯ ಆ ಸೇತುವೆ 1986ರ ಜುಲೈ 5ರಂದು ಕುಸಿದು ಬಿದ್ದಿತ್ತು; ಹೊಸದು ಬಳಕೆಗೆ ಬಂದದ್ದು 1992ರಲ್ಲಿ. ನಾನಾಗ ಒಂಬತ್ತನೆಯ ತರಗತಿಯಲ್ಲಿದ್ದೆ. ಎದುರು ದಡದ ಬೇತಿಯಿಂದ ಪಣಜಿಗೆ ಎಲ್ಲರೂ ಫೆರಿಯಲ್ಲಿಯೇ, ಅಂದರೆ ಜನರನ್ನೂ ವಾಹನಗಳನ್ನೂ ದಾಟಿಸುವ ದೋಣಿಯಲ್ಲಿಯೇ ದಾಟಬೇಕು, ಆ ಸರದಿಯ ಸಾಲಿನಲ್ಲಿ ನಿಂತು ನನ್ನ ತಂದೆಯವರು ಬೈದುಕೊಳ್ಳುತ್ತಿದ್ದುದು ಇನ್ನೂ ಕಿವಿಯಲ್ಲಿದೆ.

ತಪ್ಪು ಹುಡುಕಬೇಕೆಂದು ಹೇಳುತ್ತಿಲ್ಲ. ಫೆರಿ ಸೇತುವೆಗಿಂತ ಈ ಕಥೆಗೆ ಹೆಚ್ಚು ಒದಗುತ್ತದೆ ಎಂಬುದೇ ನನ್ನ ಮಾತು. ಕಾರು ಫೆರಿ ಹತ್ತಿದ ಮೇಲೆ ಬೆನ್ನಟ್ಟುವವನೂ ತಪ್ಪಿಸಿಕೊಳ್ಳುವವನೂ ಒಂದೇ ಹಲಗೆಯ ಮೇಲೆ ಎಂಜಿನ್ ಆರಿಸಿ ನಿಲ್ಲಬೇಕು. ನದಿಯ ನಡುವೆ ಇಳಿಯುವಂತಿಲ್ಲ, ಮಾತು ಜೋರಾದರೆ ಎಲ್ಲರಿಗೂ ಕೇಳುತ್ತದೆ. ಹಾಗಿರುವಾಗ ನಾಯಕಿ ಅವನನ್ನು ಕೇಳಬೇಕಾದ ಪ್ರಶ್ನೆಯನ್ನು ಅಲ್ಲಿಯೇ, ಕೆಳದನಿಯಲ್ಲಿ, ಎದುರಿನ ದಡದ ದೀಪಗಳನ್ನು ನೋಡುತ್ತಾ ಕೇಳಲಿ. ದಡ ಮುಟ್ಟುವುದರೊಳಗೆ ಅವನು ಉತ್ತರ ಕೊಡಬೇಕು.

ಇನ್ನೆರಡು ಚಿಕ್ಕ ವಿಷಯಗಳು. ಅದೇ ಅಧ್ಯಾಯದಲ್ಲಿ 'ಗೋವಾ ರಾಜ್ಯದ ಪೊಲೀಸರು' ಎಂದಿದೆ. ಗೋವಾ ರಾಜ್ಯವಾದದ್ದು 1987ರ ಮೇ 30ರಂದು, ಅಲ್ಲಿಯವರೆಗೆ ಕೇಂದ್ರಾಡಳಿತ ಪ್ರದೇಶ. ಕೊನೆಯಲ್ಲಿ ನಾಯಕಿ ಮಡಗಾಂವಿನಲ್ಲಿ ರೈಲು ಹತ್ತಿ, ರತ್ನಾಗಿರಿಯ ಸುರಂಗಗಳನ್ನು ದಾಟಿ ಬೆಳಗಾಗುವುದರೊಳಗೆ ಮುಂಬಯಿ ಸೇರುತ್ತಾಳೆ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಆಗ ಇದ್ದದ್ದು ವಾಸ್ಕೋದಿಂದ ಮಡಗಾಂವ್, ದೂಧ್‌ಸಾಗರ, ಲೋಂಡಾ ಮಾರ್ಗವಾಗಿ ಮಿರಜಿಗೆ ಹೋಗುವ ಮೀಟರ್ ಗೇಜ್ ಹಳಿ. ಮಿರಜಿನಲ್ಲಿ ಗಾಡಿ ಬದಲಿಸಬೇಕು. ಈ ಸುತ್ತು ದಾರಿಯೂ ಲೇಖಕಿಗೆ ವರವೇ ಆಗಬಹುದು. ಏಳು ತಿಂಗಳಿಂದ ತನ್ನ ಭಾಷೆಯನ್ನು ನುಂಗಿಕೊಂಡು ಬದುಕಿದವಳಿಗೆ ಲೋಂಡಾ ನಿಲ್ದಾಣದಲ್ಲಿ ಕಿಟಕಿಯ ಹೊರಗೆ ಕನ್ನಡ ಕೇಳಿಸುತ್ತದೆ. ಮುಂಬಯಿಗೆ ಹೋಗಿ ವರದಿ ಒಪ್ಪಿಸಬೇಕೇ, ಇಲ್ಲಿಯೇ ಇಳಿದು ಊರಿನ ಬಸ್ಸು ಹಿಡಿಯಬೇಕೇ ಎಂದು ಅವಳು ಯೋಚಿಸುವಷ್ಟು ಹೊತ್ತು ಆ ಗಾಡಿ ಅಲ್ಲಿ ನಿಲ್ಲಲಿ.

ಪುಣೆ ವಕೀಲೆ:

ಓದುಗಿಯವರ ಮೊದಲ ಪ್ರಶ್ನೆಗೆ ನನ್ನ ಉತ್ತರ: ಇಲ್ಲ, ನಾನು ನಂಬಲಿಲ್ಲ. ಆದರೆ ಹಿರಿಯರು ಹೇಳಿದ ಕಾರಣಕ್ಕೆ ಅಲ್ಲ.

ಇದು ಬರೀ ಕಥೆಯ ಪ್ರಶ್ನೆಯಲ್ಲ ಎಂಬುದಕ್ಕೆ ಬ್ರಿಟನ್ನಿನ ಅನುಭವವಿದೆ. ಅಲ್ಲಿ 1968ರಲ್ಲಿ ಹುಟ್ಟಿದ ಒಂದು ರಹಸ್ಯ ಪೊಲೀಸ್ ಘಟಕದವರೂ ಅದರ ನಂತರ ಬಂದ ಇನ್ನೊಂದು ಘಟಕದವರೂ ಚಳವಳಿಗಾರರ ಗುಂಪುಗಳ ಒಳಗೆ ಸೇರಿ ವರ್ಷಗಟ್ಟಲೆ ಬದುಕಿದರು. ಕೆಲವರು ಸತ್ತ ಮಕ್ಕಳ ಹೆಸರುಗಳನ್ನೇ ತಮ್ಮ ಹೆಸರಾಗಿ ಬಳಸಿದರು. ಹಲವರು ಆ ಗುಂಪಿನ ಮಹಿಳೆಯರೊಂದಿಗೆ ದೀರ್ಘ ಕಾಲದ ಸಂಬಂಧ ಬೆಳೆಸಿದರು. ಅಂಥ ಮಹಿಳೆಯೊಬ್ಬರಿಗೆ ಪ್ರವಾಸದಲ್ಲಿದ್ದಾಗ ತನ್ನ ಸಂಗಾತಿಯ ನಿಜವಾದ ಹೆಸರಿನ ಪಾಸ್‌ಪೋರ್ಟ್ ಕೈಗೆ ಸಿಕ್ಕ ಮೇಲೆ ಒಂದೊಂದೇ ಪ್ರಕರಣ ಹೊರಗೆ ಬಂದಿತು. 2015ರ ನವೆಂಬರ್‌ನಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ಏಳು ಮಹಿಳೆಯರ ಕ್ಷಮೆ ಕೇಳಿ, ಆ ಸಂಬಂಧಗಳು ವಂಚನೆಯವು, ಅವರ ಮಾನವ ಹಕ್ಕುಗಳ ಉಲ್ಲಂಘನೆ ಎಂದು ಒಪ್ಪಿಕೊಂಡರು. ಅದೇ ವರ್ಷ ಸಾರ್ವಜನಿಕ ವಿಚಾರಣೆಯೂ ಆರಂಭವಾಯಿತು. ಆ ಮಹಿಳೆಯರ ನೋವು ತಮಗೆ ಸುಳ್ಳು ಹೇಳಲಾಯಿತೆಂಬುದರಲ್ಲಿ ಮುಗಿಯುವುದಿಲ್ಲ. ಕಳೆದ ವರ್ಷಗಳ ಪ್ರತಿಯೊಂದು ನೆನಪನ್ನೂ ಮತ್ತೆ ಕೈಗೆತ್ತಿಕೊಂಡು, ಇದು ಅವನದೋ ಅವನ ಇಲಾಖೆಯದೋ ಎಂದು ಕೇಳಿಕೊಳ್ಳಬೇಕಾಗಿ ಬಂದದ್ದು ಅದಕ್ಕಿಂತ ದೊಡ್ಡದು. ನಮ್ಮ ನಾಯಕಿ ಒಂದೇ ಒಂದು ನೆನಪನ್ನೂ ಹಾಗೆ ತಿರುವಿ ನೋಡುವುದಿಲ್ಲ. ಇಂದಿನ ಭಾರತೀಯ ನ್ಯಾಯ ಸಂಹಿತೆಯ 69ನೆಯ ಕಲಮು, ಗುರುತು ಮುಚ್ಚಿಟ್ಟು ಮದುವೆಯಾಗುವುದನ್ನೂ ವಂಚನೆಯ ಮಾರ್ಗಗಳಲ್ಲಿ ಸೇರಿಸಿದೆ. 1986ರ ಕಥೆಗೆ ಅದು ಅನ್ವಯಿಸುವುದಿಲ್ಲವಾದರೂ ಓದುವವರು ಇಂದಿನವರು.

ಇಷ್ಟಾದರೂ ಬ್ರಿಟನ್ನಿನ ಆ ಮಹಿಳೆಯರಿಗೂ ಈ ನಾಯಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ, ಮತ್ತು ಹಸ್ತಪ್ರತಿ ಎಡವಿರುವುದು ಅಲ್ಲಿಯೇ. ಅವಳೂ ಸುಳ್ಳು ಹೆಸರಿನವಳೇ! ಪ್ರತಿ ಹದಿನೈದು ದಿನಕ್ಕೊಮ್ಮೆ ಮಾಹಿಮಿನ ಹೂವಿನಂಗಡಿಯಲ್ಲಿ ತನ್ನ ವರದಿಯ ಚೀಟಿಯನ್ನು ಇಟ್ಟು ಬರುತ್ತಾಳೆ. ನಾನು ಲೆಕ್ಕ ಹಾಕಿದೆ, ಒಟ್ಟು ಹದಿಮೂರು ಚೀಟಿಗಳು. ಅವುಗಳಲ್ಲಿ ಐದರಲ್ಲಿ 'ಡ್ರೈವರ್' ಎಂಬ ಪದವಿದೆ: ಡ್ರೈವರ್ ಎಷ್ಟು ಗಂಟೆಗೆ ಬಂದ, ಯಾರನ್ನು ಕೂರಿಸಿಕೊಂಡು ಎಲ್ಲಿಗೆ ಹೋದ ಎಂದು. ಅಂದರೆ ಅವನ ತೋಳಿನ ಮೇಲೆ ತಲೆಯಿಟ್ಟು ಮಲಗಿದ ಮರುದಿನವೇ ಅವಳು ಅವನ ಚಲನವಲನ ಬರೆದುಕೊಟ್ಟಿದ್ದಾಳೆ. ಹಾಗಿರುವಾಗ ಕೊನೆಯ ಅಧ್ಯಾಯದಲ್ಲಿ ಅವನೊಬ್ಬನೇ ಮಂಡಿಯೂರಿ ಕ್ಷಮೆ ಕೇಳುವುದು, ಅವಳು ದೇವಿಯಂತೆ ವರ ಕೊಡುವುದು ಯಾವ ನ್ಯಾಯ? ಕ್ಷಮೆ ಎರಡೂ ಕಡೆಯಿಂದ ಬರಬೇಕು, ಅದಕ್ಕಿಂತ ಮೊದಲು ಆ ಐದು ಚೀಟಿಗಳನ್ನು ಅವನು ಓದಬೇಕು. ನಾನು ಲೇಖಕಿಯಾಗಿದ್ದರೆ ಅವುಗಳನ್ನು ಅವನ ಕೈಗೆ ಕೊಟ್ಟು, ಅವನು ಓದುವಷ್ಟು ಹೊತ್ತು ಅವಳನ್ನು ಅದೇ ಕೋಣೆಯಲ್ಲಿ ಕೂರಿಸುತ್ತಿದ್ದೆ.

ಎರಡನೆಯ ಪ್ರಶ್ನೆಗೆ: ನಾಯಕನ ಗುಟ್ಟನ್ನು ಬಚ್ಚಿಟ್ಟದ್ದು ನನಗೆ ಇಷ್ಟವಾಯಿತು. ಹದಿನಾಲ್ಕನೆಯ ಅಧ್ಯಾಯ ತಲುಪಿದಾಗ ಹಿಂದಕ್ಕೆ ಹೋಗಿ ಮೀನು ಮಾರುಕಟ್ಟೆಯ ದೃಶ್ಯವನ್ನು ಮತ್ತೆ ಓದಿದೆ. 'ಬಂಗುಡೆ' ಎಂಬ ಪದಕ್ಕೆ ಬೇರೆಯೇ ಅರ್ಥ ಬಂದಿತ್ತು. ಆ ಸುಖವನ್ನು ಬಿಟ್ಟುಕೊಡಲು ನಾನು ಸಿದ್ಧಳಿಲ್ಲ.

ಮಾಟುಂಗಾ ಮೇಷ್ಟ್ರು:

ವಕೀಲೆ ತಂಗಿಯವರ ಹದಿಮೂರು ಚೀಟಿಗಳ ಲೆಕ್ಕ ಓದಿ ಬೆರಗಾದೆ; ನಾನು ಎರಡು ಸಲ ಓದಿಯೂ ಅದನ್ನು ಗಮನಿಸಿರಲಿಲ್ಲ. ಆದರೆ ಗುಟ್ಟಿನ ವಿಷಯದಲ್ಲಿ ಅವರ ಮಾತನ್ನು ನಾನು ಒಪ್ಪಲಾರೆ.

ಕನ್ನಡ ಓದುಗನಿಗೆ ಮಾರುವೇಷದ ಕಥೆ ಹೊರಗಿನಿಂದ ಬಂದದ್ದಲ್ಲ. ಕೆಂಪುನಾರಾಯಣನ 1823ರ ಗದ್ಯಕೃತಿ ಮುದ್ರಾಮಂಜೂಷದ ತುಂಬ ಚಾಣಕ್ಯನ ಗೂಢಚಾರರೇ ಓಡಾಡುತ್ತಾರೆ. ಅದರಲ್ಲಿ ಪ್ರೇಮಕ್ಕೆ ಹೆಚ್ಚು ಜಾಗವಿಲ್ಲ ಎನ್ನುವುದು ಬೇರೆ ಮಾತು. ಪ್ರೇಮವೂ ಆತಂಕವೂ ಒಂದೇ ಹಗ್ಗದ ಎರಡು ಎಳೆಗಳಂತೆ ಹೊಸೆದುಕೊಂಡಿರುವ ಕಥೆ ಬೇಕಾದರೆ ಮಹಾಭಾರತದ ವಿರಾಟಪರ್ವಕ್ಕೆ ಹೋಗಬೇಕು. ಪಾಂಡವರು, ದ್ರೌಪದಿ ಸೇರಿ ಆರು ಜನ, ಒಂದು ವರ್ಷ, ಆರು ಸುಳ್ಳು ಹೆಸರುಗಳು. ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಸೈರಂಧ್ರಿಯಾಗಿರುವ ದ್ರೌಪದಿಯನ್ನು ಕೀಚಕ ತುಂಬಿದ ಸಭೆಯಲ್ಲಿ ಒದೆಯುವಾಗ ಗಂಡಂದಿರು ಅಲ್ಲಿಯೇ ಇದ್ದಾರೆ. ಒಬ್ಬ ಕಂಕಭಟ್ಟನಾದ ಧರ್ಮರಾಯ, ಒಬ್ಬ ಅಡಿಗೆಯ ವಲಲನಾದ ಭೀಮ. ವಲಲನ ಕಣ್ಣು ಹೊರಗಿನ ಮರದ ಮೇಲೆ ಬೀಳುತ್ತದೆ, ಕಿತ್ತು ಬೀಸಿಬಿಡಬೇಕೆಂದು. ಕಂಕಭಟ್ಟ ಅವನನ್ನು ತಡೆಯುತ್ತಾನೆ. ಹೆಂಡತಿಯ ಮಾನ ಒಂದು ಕಡೆ, ಐವರ ವೇಷ ಇನ್ನೊಂದು ಕಡೆ. ಆ ರಾತ್ರಿ ಅವಳು ಅಡಿಗೆಮನೆಗೆ ನಡೆದು ಹೋಗಿ ಭೀಮನನ್ನು ಎಬ್ಬಿಸುವಾಗ, ಅವಳ ಒಂದೊಂದು ಹೆಜ್ಜೆಯೂ ಎಲ್ಲರ ಗುಟ್ಟನ್ನು ಬಯಲಿಗೆಳೆಯಬಹುದು.

ಈ ಕಥೆಯನ್ನು ಕೇಳುವ ಯಾರಿಗೆ ವಲಲ ಯಾರೆಂದು ಗೊತ್ತಿಲ್ಲ? ಮಳೆ ಬಾರದಿದ್ದಾಗ ಊರಿನಲ್ಲಿ ವಿರಾಟಪರ್ವ ಓದಿಸುತ್ತಿದ್ದರು. ಹತ್ತನೆಯ ಸಲ ಕೇಳುತ್ತಿರುವ ಅಜ್ಜಿಯಂದಿರೂ ಅಡಿಗೆಮನೆಯ ಸಂಧಿ ಬಂದಾಗ ಬತ್ತಿ ಹೊಸೆಯುವುದನ್ನು ನಿಲ್ಲಿಸುತ್ತಿದ್ದರು. ಮಳೆಗಾಲದಲ್ಲಿ ಊರಿನಿಂದ ಮುಂಬಯಿಗೆ ಬರುವ ಯಕ್ಷಗಾನ ಮೇಳದವರು ಕೀಚಕ ವಧೆ ಆಡಿದರೆ ಇಂದಿಗೂ ಸಭೆ ಹಾಗೆಯೇ ಕೂರುತ್ತದೆ. ಗುಟ್ಟು ನಮಗೆ ಗೊತ್ತಿರುವುದರಿಂದಲೇ ಎದೆ ಹೊಡೆದುಕೊಳ್ಳುತ್ತದೆ. ಗೊತ್ತಿಲ್ಲದಿದ್ದರೆ ಅದು ಬರೀ ಒಬ್ಬ ದಾಸಿ ಒಬ್ಬ ಅಡಿಗೆಯವನನ್ನು ಎಬ್ಬಿಸಿದ ಕಥೆ. ಈ ಹಸ್ತಪ್ರತಿಯಲ್ಲಿಯೂ ನಾಯಕನ ಗುಟ್ಟು ಮೂರನೆಯ ಅಧ್ಯಾಯದಲ್ಲಿಯೇ ಓದುಗನಿಗೆ ತಿಳಿಯಲಿ. ಆಗ 'ಬಂಗುಡೆ' ಎಂಬ ಮಾತು ಅವನ ಬಾಯಿಂದ ಜಾರಿದ ಕ್ಷಣವೇ ನಾವು ಬೆಚ್ಚಿಬೀಳುತ್ತೇವೆ. ಅವಳು ಚಿಲ್ಲರೆ ಎಣಿಸುವಾಗ ಅವಳಿಗೆ ಎಷ್ಟು ತಿಳಿಯಿತು, ತಿಳಿದದ್ದನ್ನು ಚೀಟಿಯಲ್ಲಿ ಬರೆಯುತ್ತಾಳೋ ಇಲ್ಲವೋ ಎಂದು ಮುಂದಿನ ಹತ್ತು ಅಧ್ಯಾಯ ಕಾಯುತ್ತೇವೆ. ಹಿಂದಕ್ಕೆ ಹೋಗಿ ಮತ್ತೆ ಓದುವ ಸುಖ ದೊಡ್ಡದೇ ಇರಬಹುದು, ತಂಗಿ. ಆದರೆ ಅದು ಒಂದು ಸಲದ್ದು.

ಒಂಬತ್ತು ಮತ್ತು ಹತ್ತನೆಯ ಅಧ್ಯಾಯಗಳಲ್ಲಿ ಮರೀನ್ ಡ್ರೈವಿನ ಮಳೆಯಲ್ಲಿ ಇಬ್ಬರೂ ನೆನೆಯುವುದು ಮೂವತ್ತು ಪುಟ ನಡೆಯುತ್ತದೆ. ನನ್ನ ವಯಸ್ಸಿನ ದೋಷವೆಂದು ತಿಳಿದರೂ ಸರಿಯೇ, ಅದನ್ನು ಐದು ಪುಟಕ್ಕೆ ಇಳಿಸಬೇಕು. ಹಿರಿಯರು ತೋರಿಸಿಕೊಟ್ಟ ಆ ಬಿಸ್ಕತ್ತಿನ ಮುಂದೆ ಮಳೆಯ ಶೃಂಗಾರ ಸಪ್ಪೆ. ಅವನು ಕೊಟ್ಟದ್ದನ್ನು ಅವಳು ಬಚ್ಚಿಟ್ಟಳು ಎಂದರೆ, ಅಲ್ಲಿಗೆ ಅವಳು ತನ್ನ ನೌಕರಿಯನ್ನೇ ಒತ್ತೆಯಿಟ್ಟಳು. ಬಾಯಿಬಿಟ್ಟು ಪ್ರೀತಿಯೆಂದು ಹೇಳುವ ಅಗತ್ಯವೇ ಇಲ್ಲ.

ಪುಣೆ ವಕೀಲೆ:

ಮೇಷ್ಟ್ರೇ, ಅಡಿಗೆಮನೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೂ ಒಂದು ತಕರಾರು ಉಳಿಯುತ್ತದೆ. ದ್ರೌಪದಿಗೆ ವಲಲ ಯಾರೆಂದು ಗೊತ್ತು, ಕೇಳುವವರಿಗೂ ಗೊತ್ತು. ಇಲ್ಲಿ ನಾಯಕಿಗೆ ಗೊತ್ತಿಲ್ಲ. ಓದುಗನಿಗೆ ಅವಳಿಗಿಂತ ಹೆಚ್ಚು ತಿಳಿದುಬಿಟ್ಟರೆ ಅವಳು ದಡ್ಡಿಯಂತೆ ಕಾಣುವ ಅಪಾಯವಿದೆ. ಮೂರನೆಯ ಅಧ್ಯಾಯದಲ್ಲಿ ನಮಗೆ ತಿಳಿಸುವುದಾದರೆ ಮೀನು ಮಾರುಕಟ್ಟೆಯ ನಂತರ ಅವಳಿಗೂ ಅರ್ಧ ತಿಳಿದಿರಬೇಕು: ಕನ್ನಡದವನು ಎಂಬಷ್ಟು ತಿಳಿದು, ಪೊಲೀಸನೋ ಕಳ್ಳನೋ ಎಂಬುದು ತಿಳಿಯದಿರಬೇಕು. ಅಷ್ಟಕ್ಕೆ ಲೇಖಕಿ ಒಪ್ಪುವುದಾದರೆ ನಾನೂ ನಿಮ್ಮ ಪಕ್ಷ.

ಡೊಂಬಿವಲಿ ಓದುಗಿ:

ಎಲ್ಲರಿಗೂ ವಂದನೆಗಳು. ನಿಮ್ಮ ಅಭಿಪ್ರಾಯಗಳನ್ನು ಒಂದಕ್ಷರವೂ ಬಿಡದೆ ಲೇಖಕಿಗೆ ಓದಿ ಹೇಳಿದೆ. ಸೇತುವೆಯ ವಿಷಯ ಕೇಳಿ ಅವರು ನಾಚಿಕೊಂಡರು. ಫೆರಿಯ ಮಾತು ಕೇಳಿ ಕೂಡಲೇ ಪೆನ್ನು ತೆಗೆದುಕೊಂಡರು. ಮಳೆಯ ಅಧ್ಯಾಯಗಳನ್ನು ಹದಿನೈದು ಪುಟಕ್ಕಿಂತ ಕೆಳಗೆ ಇಳಿಸಲು ಒಪ್ಪುತ್ತಿಲ್ಲ, ಮೇಷ್ಟ್ರು ಕ್ಷಮಿಸಬೇಕು. ಗುಟ್ಟಿನ ವಿಷಯದಲ್ಲಿ ವಕೀಲೆಯವರ ಕೊನೆಯ ಸಲಹೆಯಂತೆ 'ಅರ್ಧ ತಿಳಿದ' ನಾಯಕಿಯನ್ನು ಬರೆದು ನೋಡುತ್ತೇನೆ ಎಂದಿದ್ದಾರೆ.

ಬಿಸ್ಕತ್ತನ್ನು ಕೊನೆಯ ಅಧ್ಯಾಯಕ್ಕೆ ತರುವುದು ಖಚಿತವಾಗಿದೆ. ಚೀಟಿಗಳನ್ನು ಅವನು ಓದುತ್ತಿರುವಾಗ ಅವಳು ಟ್ರಂಕಿನಿಂದ ಅದನ್ನು ತೆಗೆದು ಮೇಜಿನ ಮೇಲೆ ಇಡುತ್ತಾಳಂತೆ. ಆಮೇಲೆ ಏನೆಂಬುದನ್ನು ನನಗೂ ಹೇಳಲಿಲ್ಲ. ಬಂದರಿನ ಹಿರಿಯರನ್ನು ಅವರು ಎರಡು ವಿಷಯ ಕೇಳಿದ್ದಾರೆ. ಆ ಬಿಸ್ಕತ್ತಿನ ಮೇಲೆ ಏನು ಕೆತ್ತಿರುತ್ತಿತ್ತು? ಅವಳು ಅದನ್ನು ಇಲಾಖೆಗೆ ಒಪ್ಪಿಸುವುದಾದರೆ ಕಾಗದದಲ್ಲಿ ಏನೇನು ಬರೆಯಬೇಕಾಗುತ್ತಿತ್ತು?

ಹಳೆಯ ಬಂದರು (ಚೆಂಬೂರು):

ವಿದೇಶಿ ಸಂಸ್ಕರಣಾಗಾರದ ಮುದ್ರೆ, ಹತ್ತು ತೊಲ ಎಂಬ ತೂಕ, 999 ಎಂಬ ಶುದ್ಧತೆಯ ಅಂಕಿ, ಇವು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತಿದ್ದವು. ನಮ್ಮ ಕಾಗದಗಳಲ್ಲಿ 'ವಿದೇಶಿ ಗುರುತಿನ ಚಿನ್ನ' ಎಂದೇ ಬರೆಯುತ್ತಿದ್ದೆವು. ಕೈಯಲ್ಲಿ ಹಿಡಿದರೆ ಚಿಕ್ಕ ಸೋಪಿನ ತುಂಡಿಗಿಂತಲೂ ಸಣ್ಣದು, ಆದರೆ ತೂಕ ಮಾತ್ರ ಕೈಯನ್ನು ಕೆಳಕ್ಕೆ ಎಳೆಯುತ್ತದೆ. ಮೊದಲ ಸಲ ಹಿಡಿದವರು ಬೀಳಿಸದಿದ್ದರೆ ಆಶ್ಚರ್ಯ.

ವಶಕ್ಕೆ ಪಡೆಯುವಾಗ ಇಬ್ಬರು ಪಂಚರ (ಸಾಕ್ಷಿಗಳ) ಎದುರು ಪಂಚನಾಮೆ ಬರೆಯಬೇಕು: ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಯಾವ ವಸ್ತುವಿನೊಳಗೆ ಸುತ್ತಿಟ್ಟ ಸ್ಥಿತಿಯಲ್ಲಿ, ಎಷ್ಟು ತೂಕ, ಯಾವ ಗುರುತು, ಯಾರ ಬಳಿಯಿಂದ. ಕರವಸ್ತ್ರವನ್ನೂ ಬರೆಯಬೇಕಾಗುತ್ತದೆ, ಅದರ ಬಣ್ಣ ಸಹಿತ. ಹನ್ನೊಂದನೆಯ ಅಧ್ಯಾಯದಲ್ಲಿ ಅದು ನೀಲಿ ಎಂದಿದೆ, ಹತ್ತೊಂಬತ್ತರಲ್ಲಿ ಬಿಳಿ. ಲೇಖಕಿಗೆ ಅದನ್ನೂ ತಿಳಿಸಿ.